ಪರಿಮಳದ ಬಾಳಿಕೆ

ಸುಗಂಧವನ್ನು ಪಡೆಯುವುದು ಒಂದು ವಿದ್ಯೆ. ಪಡೆದುದನ್ನು ನಿಲ್ಲಿಸಿಕೊಳ್ಳುವುದು ಮತ್ತೊಂದು. ನಮ್ಮ ಪೂರ್ವಿಕರಿಗೆ ಇದು ಗ್ರಂಥಯೋಗ್ಯವಾದ ವಿಷಯವಾಗಿದ್ದಿತು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಸುಮಾರು 1025ರಲ್ಲಿ ರಚಿತವಾದ ಚಾವುಂಡರಾಯನ ಲೋಕೋಪಕಾರದಲ್ಲಿ ಕನ್ನಡಿಗರಿಗೂ ಆ ಶಾಸ್ತ್ರವು ದೊರೆಯಿತು.

ಶಾಸ್ತ್ರದ ತಿರುಳನ್ನು ಕನೌಜಿನ ಅತ್ತರಿನ ಭಟ್ಟಿಯಲ್ಲಿ ಕಾಣಬಹುದು. ಹೂವನ್ನೂ ನೀರನ್ನೂ ತಾಮ್ರದ ಹಂಡೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಕಾಯಿಸುವರು. ಆವಿಯು ಬಿದಿರಿನ ನಳಿಗೆಯಲ್ಲಿ ಹಾದು, ತಣ್ಣೀರಿನಲ್ಲಿರಿಸಿದ ಪಾತ್ರೆಗೆ ಇಳಿಯುವುದು. ಆ ಪಾತ್ರೆಯಲ್ಲಿ ಮೊದಲೇ ಕಾದಿರುವುದು ಶ್ರೀಗಂಧದ ಎಣ್ಣೆ. ಹೂವಿನ ಸಾರವು ಬೇಗನೆ ಹಾರಿಹೋಗತಕ್ಕುದು. ಶ್ರೀಗಂಧವಾದರೋ ಬಲು ಮೆಲ್ಲನೆ ಆರುವುದು. ತಾನು ನಿಂತು ಮತ್ತೊಂದನ್ನು ನಿಲ್ಲಿಸುವುದೇ ಅದರ ಗುಣ.

ಇದೇ ನ್ಯಾಯವು ಬಳಕೆಗೂ ಸಲ್ಲುತ್ತದೆ. ಒಣಚರ್ಮಕ್ಕಿಂತ ತುಸು ಎಣ್ಣೆಯ ಪಸೆಯುಳ್ಳ ಚರ್ಮದಲ್ಲಿ ಪರಿಮಳವು ಹೆಚ್ಚು ಹೊತ್ತು ಉಳಿಯುವುದು. ಅತ್ತರಿನ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿಡುವ ವಾಡಿಕೆಯೂ ಅರ್ಥವತ್ತಾದುದೇ: ಹತ್ತಿಯು ಹಿಡಿದಿಡುವುದು, ಮೈಯ ಕಾವು ಮೆಲ್ಲನೆ ಬಿಡುವುದು. ಬೆಳಕು, ಬಿಸಿ, ಗಾಳಿ ಈ ಮೂರೂ ಸುಗಂಧಕ್ಕೆ ಶತ್ರುಗಳು. ಆದುದರಿಂದ ಕುಪ್ಪಿಯನ್ನು ಬಿಗಿಯಾಗಿ ಮುಚ್ಚಿ ತಂಪಾದ ಕತ್ತಲೆಯಲ್ಲಿಡಬೇಕು.

1914ರ ಮಹಾಯುದ್ಧದಿಂದ ಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನವು ತಾನೇ ಎಣ್ಣೆ ತೆಗೆಯಲು ತೊಡಗಿತು. ಇಂದು ಗಂಧದ ಮರವೇ ವಿರಳವಾಗಿದೆ. ಅನೇಕ ಅತ್ತರುಗಳಿಗೆ ಬೇರೆ ಎಣ್ಣೆಗಳೇ ಆಧಾರವಾಗಿವೆ. ಮರದ ತಿರುಳು ಬಲಿಯಲು ದಶಕಗಳೇ ಬೇಕು. ಪರಿಮಳಗಳನ್ನು ಕಾಯುವ ಮರವನ್ನು ನಾವು ಕಾಯದಿದ್ದರೆ, ಕುಪ್ಪಿಯನ್ನು ಎಷ್ಟು ಬಿಗಿಯಾಗಿ ಮುಚ್ಚಿದರೇನು?