ಕಾಡುಹಂದಿಯೂ ಕನ್ನಡನಾಡಿನ ಬೆಳೆಗಾವಲೂ

ಬೆಂಗಳೂರು ದಂಡಿನ ಪೂರ್ವಭಾಗದಲ್ಲಿ, ಹಲಸೂರು ಕೆರೆಗೆ ಸಮೀಪವಾಗಿ ಮರ್ಫಿ ಟೌನ್ ಎಂಬ ಬಡಾವಣೆಯುಂಟು. ಮೊದಲು ನಾಕ್ಸ್‌ಪೇಟೆಯೆಂದು ಕರೆಯಿಸಿಕೊಳ್ಳುತ್ತಿದ್ದು, ಅನಂತರ ಮರ್ಫಿ ಎಂಬ ಇಂಜಿನಿಯರ ಹೆಸರನ್ನು ತಾಳಿದ ಈ ಪ್ರದೇಶದ ಬೀದಿಗಳಲ್ಲಿ ಇಂದು ನಡೆದಾಡುವವರಿಗೆ, ಈ ಸೀಮೆಯಲ್ಲಿ ಒಂದು ಕಾಲಕ್ಕೆ ಹೊಲಗಳೂ ಕುರುಚಲು ಕಾಡೂ ಒಂದನ್ನೊಂದು ತಾಗಿಕೊಂಡಿದ್ದುವೆಂದು ಊಹಿಸುವುದು ಸುಲಭವಲ್ಲ. ಆದರೆ ಹಲಸೂರಿನ ಸೋಮೇಶ್ವರ ದೇವಾಲಯದ ವಿಷಯದಲ್ಲಿ ಒಂದು ಐತಿಹ್ಯವಿದೆ. ಬೇಟೆಗೆಂದು ಹೊರಟ ಕೆಂಪೇಗೌಡನು ಬಳಲಿ ಮರದಡಿಯಲ್ಲಿ ನಿದ್ರೆಹೋದಾಗ ಸೋಮೇಶ್ವರನು ಕನಸಿನಲ್ಲಿ ಕಾಣಿಸಿಕೊಂಡು ನಿಕ್ಷೇಪವಿರುವ ಸ್ಥಳವನ್ನು ತಿಳಿಸಿದನೆಂದೂ, ಆ ಧನದಿಂದ ಗೌಡನು ಗುಡಿಯನ್ನು ಕಟ್ಟಿಸಿದನೆಂದೂ ಜನರು ಹೇಳುವರು. ಐತಿಹ್ಯವನ್ನು ಇತಿಹಾಸವೆಂದು ಎಣಿಸಲಾಗದು. ಆದರೂ ಊರಿನ ಅಂಚಿನಲ್ಲಿಯೇ ಬೇಟೆಯ ಕಾಡು ಇದ್ದಿತೆಂಬ ನೆನಪು ಈ ಕಥೆಯಲ್ಲಿ ಉಳಿದುಬಂದಿದೆ.

ಕಾಡೂ ಹೊಲವೂ ಕೂಡುವೆಡೆಯಲ್ಲಿ ಬೇಟೆಗೆ ಎರಡು ಮುಖಗಳಿರುತ್ತವೆ. ಅರಸನಿಗೆ ಅದು ವಿನೋದ. ಒಕ್ಕಲಿಗನಿಗೆ ಅದು ಬೆಳೆಯ ಕಾವಲು. ಈ ಎರಡೂ ನಮ್ಮ ನಾಡಿನಲ್ಲಿ ಹೇಗೆ ಕೂಡಿಕೊಂಡಿದ್ದುವು, ಹೇಗೆ ಅಗಲಿದುವು ಎಂಬುದನ್ನು ಕಾಡುಹಂದಿಯ ಚರಿತ್ರೆಯೊಂದರಿಂದಲೇ ಬಹುಮಟ್ಟಿಗೆ ತಿಳಿಯಬಹುದಾಗಿದೆ.

ಬೆಳೆಗೆ ಹಂದಿಯಷ್ಟು ಹಾನಿಮಾಡುವ ಮೃಗಗಳು ವಿರಳ. ಅದು ಹಗಲೆಲ್ಲ ಪೊದೆಗಳಲ್ಲಿ ಅಡಗಿದ್ದು ಇರುಳಿನಲ್ಲಿ ಹಿಂಡಾಗಿ ಹೊರಡುವುದು. ಗೆಣಸು, ಕಡಲೆಕಾಯಿ, ಜೋಳ, ಕಬ್ಬು, ಭತ್ತ, ರಾಗಿ ಇವುಗಳಲ್ಲಿ ಅದಕ್ಕೆ ಬೇಡವಾದುದಿಲ್ಲ. ತಿಂದುದಕ್ಕಿಂತ ತುಳಿದು ಕೆಡಿಸಿದುದೂ, ಮೂತಿಯಿಂದ ಉತ್ತು ಬೇರು ಕಿತ್ತುದೂ ಹೆಚ್ಚು. ಗರ್ಭ ಧರಿಸಿದ ನಾಲ್ಕು ತಿಂಗಳೊಳಗಾಗಿ ಹೆಣ್ಣು ಹಂದಿಯು ಒಂದೇ ಸೂಲಿಗೆ ನಾಲ್ಕಾರು ಮರಿಗಳನ್ನು ಈಯುವುದರಿಂದ, ಕೊಂದಷ್ಟೂ ಹಿಂಡು ಮತ್ತೆ ತುಂಬಿಕೊಳ್ಳುತ್ತದೆ. ವಾಸನೆಯನ್ನು ಹಿಡಿಯುವುದರಲ್ಲಿ ಅದು ಬಲು ಚುರುಕು. ಗಾಯಗೊಂಡ ಒಂಟಿ ಸಲಗನ ಕೋರೆಗೆ ಬೇಟೆಗಾರನೂ ನಾಯಿಯೂ ಸೀಳಿಹೋಗುವುದುಂಟು. ಆದುದರಿಂದಲೇ ಹಂದಿಯ ಬೇಟೆಯು ಪೌರುಷದ ಪರೀಕ್ಷೆಯೆಂದು ಪೂರ್ವಕಾಲದಿಂದಲೂ ಪ್ರಸಿದ್ಧಿ ಪಡೆದಿತ್ತು.

ಇದಕ್ಕೆ ಆತಕೂರಿನ ಶಾಸನಕ್ಕಿಂತ ಉತ್ತಮವಾದ ಸಾಕ್ಷಿ ಬೇಕಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಈ ಕಲ್ಲು ಶಕ ೮೭೨ನೆಯ, ಎಂದರೆ ಕ್ರಿ. ಶ. ೯೪೯-೫೦ನೆಯ ವರ್ಷದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ನಿಂತು ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನ ವಿಷಯ ಅದರಲ್ಲಿದೆ. ಅದೇ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೆರನೆಂಬ ವೀರನಿಗೆ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಮಣಲೆರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಕೆಲಲೆನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲು, ನಾಯಿಯೂ ಹಂದಿಯೂ ಹೋರಾಡಿ ಜೊತೆಯಲ್ಲಿಯೇ ಸತ್ತುವು. ಇದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಇರ್ಕಂಡುಗ ಭೂಮಿಯನ್ನು ಬಿಟ್ಟರು. ಅಲ್ಲಿಯ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಒಳಗಾಗುವನೆಂದೂ ವಿಧಿಸಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವನ್ನು ಇಂದಿಗೂ ಕಾಣಬಹುದು.

ಈ ಶಾಸನವು ಪೈರಿನ ಮಾತನ್ನು ಎತ್ತುವುದಿಲ್ಲ. ಅದು ದೊರೆಯ ಔದಾರ್ಯವನ್ನೂ ಆಳಿನ ಅಭಿಮಾನವನ್ನೂ ಹೇಳುತ್ತದೆ. ಆದರೆ ಕೆರೆಯ ಕೆಳಗಣ ಗದ್ದೆಯ ಭೂಮಿಯನ್ನು, ಹಂದಿಯೊಡನೆ ಕಾದಿ ಸತ್ತ ನಾಯಿಯ ಪೂಜೆಗೆಂದು ಬಿಟ್ಟುದನ್ನು ನೋಡಿದರೆ, ಆ ಕಾಲದ ಜನರು ಇಂತಹ ಸಾವನ್ನು ಹಗುರವಾಗಿ ಎಣಿಸುತ್ತಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಬೇಟೆಯು ನಮ್ಮಲ್ಲಿ ಎಷ್ಟು ಬೆಳೆದ ವಿದ್ಯೆಯಾಗಿದ್ದಿತೆಂಬುದನ್ನು ಭಾಷೆಯೇ ತೋರಿಸುತ್ತದೆ. ಮೃಗಗಳನ್ನು ಎಬ್ಬಿಸಿ ಅಟ್ಟಿಕೊಂಡು ಬರುವುದು ಸೋಹು. ಬೇಟೆಗಾರನು ಮರೆಯಲ್ಲಿ ಕಾದು ಕುಳಿತುಕೊಳ್ಳುವ ಎಡೆ ತೋಹು. ಸೆಳೆದು ತರುವುದಕ್ಕಾಗಿ ಪಳಗಿಸಿದ ಮೃಗ ದೀಹ. ಮೃಗಗಳು ನುಗ್ಗುವ ದಾರಿಗೆ ಅಡ್ಡವಾಗಿ ಒಡ್ಡುವ ಬಲೆ ಬೆಳ್ಳಾರ. ಈ ಮಾತುಗಳೆಲ್ಲ ಹಳಗನ್ನಡ ನಡುಗನ್ನಡ ಕಾವ್ಯಗಳ ಓದುಗರಿಗೆ ಪರಿಚಿತವಾದುವೇ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆಗೂ ಬೇಟೆನಾಯಿಗಳಿಗೂ ಬೇರೆ ಬೇರೆ ಪ್ರಕರಣಗಳೇ ಇವೆ. ಅದೇ ಗ್ರಂಥದ ಅಡಿಗೆಯ ಪ್ರಕರಣದಲ್ಲಿ ಹಂದಿಯ ಮಾಂಸವನ್ನು ಸುಡುವ ಕ್ರಮವಲ್ಲದೆ, ಹೊಲಗಳಲ್ಲಿಯೂ ನದೀತೀರಗಳಲ್ಲಿಯೂ ಕೊಬ್ಬಿದ ಇಲಿಗಳನ್ನು ಬೇಯಿಸುವ ಕ್ರಮವೂ ಹೇಳಲ್ಪಟ್ಟಿದೆ. ಪೈರನ್ನು ತಿಂದ ಪ್ರಾಣಿಯನ್ನು ಹಿಡಿದು ತಿನ್ನುವುದು ಬಡವನ ಗುಡಿಸಿಲಿಗೆ ಮಾತ್ರ ಸೇರಿದ ಸಂಗತಿಯಾಗಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ.

ರಾಜನ ಬೇಟೆಗೂ ರೈತನ ಬೆಳೆಗೂ ಇರುವ ಸಂಬಂಧವನ್ನು ಬಿಚ್ಚಿ ಹೇಳಿದ ಕವಿ ರಾಘವಾಂಕ. ಅವನ ಹರಿಶ್ಚಂದ್ರಕಾವ್ಯದಲ್ಲಿ ವಿಶ್ವಾಮಿತ್ರನು ಹರಿಶ್ಚಂದ್ರನನ್ನು ಕೆಡಿಸುವುದಕ್ಕಾಗಿ ಮೃಗಪಕ್ಷಿಗಳನ್ನು ಸೃಷ್ಟಿಸಿ ನಾಡಿನ ಮೇಲೆ ಬಿಡುತ್ತಾನೆ. ಅವು ಬೆಳೆಯನ್ನು ಹಾಳುಮಾಡುತ್ತವೆ. ಪ್ರಜೆಗಳು ಅರಸನಲ್ಲಿ ಮೊರೆಯಿಡುತ್ತಾರೆ. ಅರಸನು ಬೇಡರ ಪಡೆಯನ್ನು ಕೂಡಿಸಿಕೊಂಡು ಬೇಟೆಗೆ ಹೊರಡುತ್ತಾನೆ. ಕೊನೆಗೆ ಮಾಯಾವರಾಹವೊಂದು ಅವನನ್ನು ಸೆಳೆದುಕೊಂಡು ಹೋಗುವುದರಿಂದ ಮುಂದಿನ ಕಷ್ಟಪರಂಪರೆಯೆಲ್ಲ ಪ್ರಾರಂಭವಾಗುತ್ತದೆ. ಕಥೆಯು ಪೌರಾಣಿಕವಾದರೂ ಅದರ ಒಳಗಿನ ನ್ಯಾಯವು ಲೌಕಿಕವಾದುದು. ಬೆಳೆಯ ಪಾಲನ್ನು ಪಡೆಯುವ ದೊರೆಗೆ ಆ ಬೆಳೆಯನ್ನು ಮೃಗಗಳಿಂದ ಕಾಯುವ ಹೊಣೆಯೂ ಸೇರಿದುದೆಂದು ಕವಿಯೂ ಅವನ ಕೇಳುಗರೂ ನಂಬಿದ್ದರು.

ಅರಸನು ಬರುವ ತನಕ ಪೈರು ಕಾಯದು. ಆದುದರಿಂದ ಒಕ್ಕಲಿಗನು ತನ್ನ ಉಪಾಯಗಳನ್ನು ತಾನೇ ಮಾಡಿಕೊಂಡಿದ್ದನು. ಹೊಲದ ನಡುವೆ ನಾಲ್ಕು ಕಂಬಗಳ ಮೇಲೆ ಅಟ್ಟಣೆಯನ್ನು ಕಟ್ಟಿ, ತೆನೆ ಮೂಡಿದಂದಿನಿಂದ ಕೊಯ್ಲಿನ ತನಕ ಮನೆಯವರು ಸರದಿಯಂತೆ ಅದರ ಮೇಲೆ ಇರುಳನ್ನು ಕಳೆಯುತ್ತಿದ್ದರು. ಕೂಗುವುದು, ತಮಟೆ ಬಡಿಯುವುದು, ಕವಣೆ ಬೀಸುವುದು, ಬೆಂಕಿ ಹಾಕುವುದು ಇವು ಮೊದಲ ಸಾಲಿನ ಕಾವಲು. ಮುಳ್ಳುಬೇಲಿ, ಹಂದಿಯ ಜಾಡಿನಲ್ಲಿ ತೋಡಿ ಸೊಪ್ಪು ಮುಚ್ಚಿದ ಗುಂಡಿ, ಬೇಲಿಯ ಕಂಡಿಯಲ್ಲಿ ಒಡ್ಡಿದ ಉರುಲು ಇವು ಎರಡನೆಯವು. ಇವುಗಳಿಂದಲೂ ತಡೆಯಲಾಗದಿದ್ದರೆ ಊರಿನವರೆಲ್ಲ ಕೂಡಿ ನಾಯಿ, ಬಲೆ, ಈಟಿಗಳೊಡನೆ ಕಾಡನ್ನು ಸೋವುತ್ತಿದ್ದರು. ಸ್ಯಾಂಡರ್ಸನ್ನನು ೧೮೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಚಾಮರಾಜನಗರದ ಕಡೆಯ ಹಳ್ಳಿಗರು ಹುಲಿ ಚಿರತೆಗಳನ್ನು ಸಹ ಬಲೆಗಳಿಂದ ಸುತ್ತುಗಟ್ಟಿ ಈಟಿಯಿಂದ ತಿವಿಯುತ್ತಿದ್ದ ಸಂಗತಿ ಬಂದಿದೆ. ಇಂತಹ ಬೇಟೆಯು ಒಬ್ಬನಿಂದ ಆಗುವುದಲ್ಲ. ಬಲೆಯನ್ನು ಹೆಣೆಯುವವನು, ಹಿಡಿಯುವವನು, ಸೋವುವವನು, ನಾಯಿಯನ್ನು ಸಾಕಿದವನು ಎಲ್ಲರೂ ಬೇಕು. ಸಿಕ್ಕಿದ ಮಾಂಸವೂ ಎಲ್ಲರಿಗೆ ಹಂಚಬೇಕು.

ಕೊಡಗಿನಲ್ಲಿ ಈ ಸಂಬಂಧವು ಹಬ್ಬದ ರೂಪವನ್ನೇ ತಾಳಿದೆ. ಗದ್ದೆಯ ನಾಟಿಯ ಕೆಲಸ ಮುಗಿದಮೇಲೆ, ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸುವರು. ಬೇಸಾಯದ ದಿನಗಳಲ್ಲಿ ಬದಿಗಿಟ್ಟಿದ್ದ ಕೋವಿಯನ್ನು ಅಂದು ಕೈಗೆ ತೆಗೆದುಕೊಂಡು, ಹಿಂದಿನ ಕಾಲದಲ್ಲಿ ಬೇಟೆಗೆ ಹೊರಡುತ್ತಿದ್ದರು. ನಾಟಿಯಾದ ಪೈರಿಗೆ ಕಾವಲು ಬೇಕಾಗುವ ಕಾಲವೂ ಅದೇ ಎಂಬುದನ್ನು ಗಮನಿಸಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರದ ಕಾನೂನಿನಿಂದ ಆಂಗ್ಲರ ಕಾಲದಲ್ಲಿ ದೊರೆತ ವಿನಾಯಿತಿಯನ್ನು ಭಾರತ ಸರ್ಕಾರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಕೋವಿಯ ಹಕ್ಕು ಉಳಿದಿದೆ. ಬೇಟೆಯ ಹಕ್ಕು ಉಳಿದಿಲ್ಲ.

ಆಂಗ್ಲರ ಆಳಿಕೆಯಲ್ಲಿ ಬೇಟೆಯ ಸ್ವರೂಪವೇ ಬದಲಾಯಿತು. ೧೮೦೯ರಲ್ಲಿ ಹಲಸೂರಿನ ಸುತ್ತಣ ನೆಲದಲ್ಲಿ ದಂಡು ನೆಲೆಗೊಂಡಿತು. ದಂಡುಗಳ ಅಧಿಕಾರಿಗಳಿಗೆ ಕುದುರೆಯೇರಿ ಭಲ್ಲೆಯಿಂದ ಹಂದಿಯನ್ನು ತಿವಿಯುವುದು ಪ್ರಿಯವಾದ ಆಟ. ಮುಂದೆ ಬಾಲಚರ ಚಳವಳಿಯನ್ನು ಸ್ಥಾಪಿಸಿದ ಬೇಡನ್ ಪೊವೆಲನು ೧೮೮೯ರಲ್ಲಿ ಈ ಆಟದ ಮೇಲೆಯೇ ಒಂದು ಪುಸ್ತಕವನ್ನು ಬರೆದನು. ಇನ್ನೊಂದು ಕಡೆ ಹುಲಿ ಚಿರತೆಗಳನ್ನು ಕೊಂದವರಿಗೆ ಸರ್ಕಾರದಿಂದ ಇನಾಮು ಸಲ್ಲುತ್ತಿದ್ದಿತು. ಹಂದಿಯ ಹಿಂಡನ್ನು ಸ್ವಾಭಾವಿಕವಾಗಿ ಹಿಡಿತದಲ್ಲಿಡುವ ಹುಲಿ, ಚಿರತೆ, ಕಾಡುನಾಯಿಗಳು ಹೀಗೆ ಕಡಮೆಯಾದುದರ ಫಲವನ್ನು ಅನುಭವಿಸಿದವನು ಕಾಡಂಚಿನ ರೈತ. ೧೯೦೧ರಲ್ಲಿ ಮೈಸೂರು ಸಂಸ್ಥಾನವು ಬೇಟೆಯ ಮೃಗಗಳ ಮತ್ತು ಮೀನುಗಳ ರಕ್ಷಣೆಗಾಗಿ ರೆಗ್ಯುಲೇಷನ್ನನ್ನು ಹೊರಡಿಸಿತು. ಅಂದಿನಿಂದ ಬೇಟೆಯು ಊರಿನ ಕಟ್ಟಳೆಯನ್ನು ಬಿಟ್ಟು ಸರ್ಕಾರದ ಅಪ್ಪಣೆಗೆ ಹೆಚ್ಚು ಹೆಚ್ಚಾಗಿ ಒಳಪಡುತ್ತ ಬಂದಿತು.

ಸ್ವಾತಂತ್ರ್ಯಾನಂತರದ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿತು. ಅಳಿವಿನಂಚಿಗೆ ಬಂದಿದ್ದ ಎಷ್ಟೋ ಮೃಗಗಳು ಅದರಿಂದ ಬದುಕಿಕೊಂಡುವೆಂಬುದು ನಿಜ. ಬೇಟೆಯನ್ನೇ ಜೀವನವಾಗಿ ಮಾಡಿಕೊಂಡಿದ್ದ ಹಕ್ಕಿಪಿಕ್ಕಿ ಮೊದಲಾದ ಜನರು ಅದರಿಂದ ಕಸುಬನ್ನು ಕಳೆದುಕೊಂಡರೆಂಬುದೂ ನಿಜ. ಹಂದಿಯು ಮೊದಲು ಈ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿದ್ದು, ೨೦೨೨ರ ತಿದ್ದುಪಡಿಯಿಂದ ಎರಡನೆಯದಕ್ಕೆ ಸೇರಿತು. ನಿಂತ ಪೈರಿಗೆ ಅಪಾಯಕಾರಿಯಾದ ಮೃಗವನ್ನು ಅಧಿಕಾರಿಯ ಲಿಖಿತ ಅಪ್ಪಣೆಯಿಂದ ಕೊಲ್ಲಿಸಲು ೧೧ನೆಯ ಪ್ರಕರಣದಲ್ಲಿ ಅವಕಾಶವಿದೆ; ಒಂದು ಪ್ರದೇಶದಲ್ಲಿ, ಒಂದು ಅವಧಿಗೆ, ಮೃಗವನ್ನು ಹಾನಿಕಾರಕವೆಂದು ಸಾರಲು ೬೨ನೆಯ ಪ್ರಕರಣದಲ್ಲಿ ಕೇಂದ್ರ ಸರ್ಕಾರಕ್ಕೆ ಅಧಿಕಾರವಿದೆ. ೨೦೧೫ರ ಕೊನೆಯಲ್ಲಿ ಬಿಹಾರದಲ್ಲಿಯೂ, ೨೦೧೬ರಲ್ಲಿ ಉತ್ತರಾಖಂಡದಲ್ಲಿಯೂ ಹಂದಿಯನ್ನು ಹಾಗೆ ಸಾರಲಾಯಿತು. ನೆರೆಯ ಕೇರಳವು ೨೦೨೨ರಲ್ಲಿ ಅಪ್ಪಣೆ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು.

ಹೊರದೇಶಗಳ ಸ್ಥಿತಿಯೊಡನೆ ಹೋಲಿಸಿದರೆ ನಮ್ಮ ಸಮಸ್ಯೆಯ ವಿಶೇಷವು ತಿಳಿಯುತ್ತದೆ. ಅಮೆರಿಕಕ್ಕೆ ಹಂದಿಯನ್ನು ೧೬ನೆಯ ಶತಮಾನದ ಸ್ಪೇನಿನವರು ಕೊಂಡೊಯ್ದರು. ಆಸ್ಟ್ರೇಲಿಯಕ್ಕೆ ಅದು ೧೭೮೮ರಲ್ಲಿ ಆಂಗ್ಲರ ಮೊದಲ ಹಡಗುಗಳೊಡನೆ ಬಂದಿತು. ಸಾಕಿದ ಹಂದಿಗಳು ತಪ್ಪಿಸಿಕೊಂಡು ಕಾಡುಬಿದ್ದು ಅಲ್ಲಿ ಹಬ್ಬಿದುವು. ಆದುದರಿಂದ ಅಲ್ಲಿಯವರು ದೊಡ್ಡ ದೊಡ್ಡ ಕಬ್ಬಿಣದ ದೊಡ್ಡಿಗಳಲ್ಲಿ ಹಿಂಡಿಗೆ ಹಿಂಡನ್ನೇ ಕೂಡಿ ಕೊಲ್ಲುವುದಕ್ಕೆ ಸಂಕೋಚಪಡಬೇಕಾಗಿಲ್ಲ. ನಮ್ಮಲ್ಲಿ ಹಂದಿಯು ಈ ನೆಲದ್ದೇ. ಅದು ಹುಲಿಗೂ ಚಿರತೆಗೂ ಆಹಾರ. ಅದನ್ನು ಬೇರುಸಹಿತ ಕಿತ್ತರೆ ಹಸಿದ ಚಿರತೆಯು ಊರಿನ ಕುರಿಹಟ್ಟಿಗೆ ಬರುವುದು.

ಆದರೂ ಕಾವಲಿನ ಭಾರವು ಯಾರ ಮೇಲೆ ಬೀಳಬೇಕೆಂಬ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ. ಒಂದಿರುಳಿನಲ್ಲಿ ಎರಡೆಕರೆ ಕಡಲೆಕಾಯಿಯನ್ನು ಕಳೆದುಕೊಂಡ ರೈತನು ಅರ್ಜಿ ಕೊಟ್ಟು, ಮಹಜರು ನಡೆದು, ಪರಿಹಾರದ ಹಣಕ್ಕಾಗಿ ಕಾದಿರಬೇಕು. ಅಟ್ಟಣೆಯ ಮೇಲೆ ಸರದಿ ಕಾಯುತ್ತಿದ್ದ ಮಕ್ಕಳು ಕೆಲಸವನ್ನರಸಿ ಬೆಂಗಳೂರಿಗೆ ಬಂದಿರುವರು. ಕೂಡಿ ಬೇಟೆಯಾಡುತ್ತಿದ್ದ ಊರು ಈಗ ಕೂಡುವಂತಿಲ್ಲ. ಹೀಗೆ ಒಂಟಿಯಾದವನು ಕಳ್ಳತನದ ಉಪಾಯಗಳಿಗೆ ಕೈಹಾಕುವನು. ಹಂದಿಗೆಂದು ಒಡ್ಡಿದ ತಂತಿಯ ಉರುಲಿಗೆ ಚಿರತೆಯೂ ಕರಡಿಯೂ ಸಿಕ್ಕಿ ನರಳುವುವು. ಬೇಲಿಗೆ ಹರಿಸಿದ ವಿದ್ಯುತ್ತಿಗೆ ಆನೆಯೂ, ಕೆಲವೊಮ್ಮೆ ನೆರೆಹೊಲದ ಮನುಷ್ಯನೂ ಬಲಿಯಾಗುವುದುಂಟು. ೨೦೨೦ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಸಿಡಿಮದ್ದನ್ನು ತುಂಬಿದ ಹಣ್ಣನ್ನು ಕಚ್ಚಿ ಗರ್ಭಿಣಿಯಾದ ಆನೆಯೊಂದು ನೀರಿನಲ್ಲಿ ನಿಂತು ಸತ್ತುದು ದೇಶಕ್ಕೆಲ್ಲ ತಿಳಿದಿದೆ. ಅಂತಹ ಸಿಡಿಮದ್ದು ಹಂದಿಯನ್ನು ಕೊಲ್ಲಲು ಬಳಸತಕ್ಕದ್ದು.

ಹಳೆಯ ಬೇಟೆಯನ್ನು ಮತ್ತೆ ತರಬೇಕೆಂದು ಈ ಚರಿತ್ರೆಯಿಂದ ಹೊರಡುವುದಿಲ್ಲ. ಕಾಡು ಅಷ್ಟು ಉಳಿದಿಲ್ಲ, ಮೃಗಗಳೂ ಅಷ್ಟಿಲ್ಲ. ಹೊರಡುವ ಪಾಠ ಬೇರೆ. ಹತ್ತನೆಯ ಶತಮಾನದ ಆತಕೂರಿನಲ್ಲಿ ಹಂದಿಯೊಡನೆ ಕಾದಿದ ನಾಯಿಗೆ ಅರಸನ ಕಡೆಯವರು ಭೂಮಿಯನ್ನು ಬಿಟ್ಟರು. ರಾಘವಾಂಕನ ಅರಸನು ಪ್ರಜೆಗಳ ಮೊರೆಯನ್ನು ಕೇಳಿದೊಡನೆ ಎದ್ದನು. ಕಾಡಿನ ಮೃಗವು ಎಲ್ಲರ ಸೊತ್ತೆಂದು ಕಾನೂನು ಸಾರಿದಮೇಲೆ, ಅದು ತಿಂದ ಬೆಳೆಯ ನಷ್ಟವೂ ಎಲ್ಲರದಾಗಬೇಕು. ಹಲಸೂರಿನಲ್ಲಿಯೂ ಮರ್ಫಿ ಟೌನಿನಲ್ಲಿಯೂ ಉಣ್ಣುವ ರಾಗಿಯನ್ನು ಎಲ್ಲಿಯೋ ಕಾಡಂಚಿನಲ್ಲಿ ಒಬ್ಬನು ನಿದ್ದೆಗೆಟ್ಟು ಕಾದಿರುತ್ತಾನೆ. ಅವನ ಅರ್ಜಿಗೆ ಬೇಗನೆ ಉತ್ತರ ದೊರೆಯುವಂತಾದರೆ, ಉರುಲನ್ನೊಡ್ಡುವ ಕೈಗಳು ಅಷ್ಟರಮಟ್ಟಿಗೆ ಕಡಮೆಯಾದಾವು.