ಕಂಪನಿ ಕೈಬಿಟ್ಟ ಕನ್ನಡಕಗಳು



ಕಣ್ಣಿಗೆ ದಪ್ಪ ಡಬ್ಬಿಯಂಥದ್ದನ್ನು ಕಟ್ಟಿಕೊಂಡು, ನಿಂತಲ್ಲೇ ಚಂದ್ರಲೋಕ ಸುತ್ತುವವರನ್ನು ನೀವು ಮಾಲ್‌ಗಳಲ್ಲಿ ನೋಡಿರುತ್ತೀರಿ. ಅದೇ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್. ಮನೆಯಲ್ಲಿ ಮಕ್ಕಳಿದ್ದರೆ ಇಂದಲ್ಲ ನಾಳೆ ನಿಮ್ಮ ಕಿಸೆಗೂ ಅದರ ಬಿಸಿ ತಟ್ಟುತ್ತದೆ. ಆದರೆ ಒಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಈ ಹೆಡ್‌ಸೆಟ್ ಕೆಡದೆಯೇ ಸಾಯಬಹುದು! ಗಾಜು ಸರಿಯಿದೆ, ವೈರು ಸರಿಯಿದೆ, ಆದರೆ ಕಂಪನಿ ‘ಇನ್ನು ಸಾಕು’ ಅಂದ ದಿನ ಅದು ಅಟ್ಟ ಸೇರುತ್ತದೆ. ಹಾಗೆ ಅಟ್ಟ ಸೇರಬೇಕಿದ್ದ ಕೆಲವನ್ನು ಉಳಿಸಿದ್ದು ಲಿನಕ್ಸ್ ಜನ. ಇಂದಿನ ಕಥೆ ಅವರದು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ತಲೆಗೆ ಕಟ್ಟುವ ಕಂಪ್ಯೂಟರ್ ಪರದೆಯನ್ನು ಅಮೆರಿಕದ ಐವನ್ ಸದರ್ಲೆಂಡ್ 1968ರಲ್ಲಿಯೇ ಮಾಡಿ ತೋರಿಸಿದ್ದರು. ಅದರ ತೋಳು ಚಾವಣಿಯಿಂದ ಇಳಿಬಿದ್ದಿತ್ತು. ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಕೈಯಲ್ಲಿ. ಅದರ ಒಳಗುಟ್ಟು ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಈ ವಿಚಾರ ಚೆಂಬೂರಿನವರಿಗೆ ದೂರದ್ದಲ್ಲ. ಹಾರ್ಬರ್ ಲೈನಿನಲ್ಲಿ ಎರಡು ಸ್ಟೇಷನ್ ಆಚೆ, ಮಾನ್‌ಖುರ್ದ್‌ನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆಯಲ್ಲ, ಅಲ್ಲಿದ್ದ ಜಿ. ನಾಗಾರ್ಜುನ ಅವರು ಭಾರತದ ಮುಕ್ತ ತಂತ್ರಾಂಶ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು. 2001ರಲ್ಲಿ ಆರಂಭವಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾದ ಚುಕ್ಕಾಣಿ ಹಿಡಿದವರು.

ಈಗ ಹೆಡ್‌ಸೆಟ್ಟಿಗೆ ಬರೋಣ. 2012ರಲ್ಲಿ ಆಕ್ಯುಲಸ್ ಎಂಬ ಪುಟ್ಟ ಕಂಪನಿ ಜನರಿಂದಲೇ ಹಣ ಎತ್ತಿ, 2013ರಲ್ಲಿ ‘ರಿಫ್ಟ್’ನ ಮೊದಲ ಮಾದರಿಯನ್ನು ಕಳಿಸಿಕೊಟ್ಟಿತು. ಲಿನಕ್ಸ್‌ಗೂ ತಂತ್ರಾಂಶ ಕೊಟ್ಟಿತು. 2014ರಲ್ಲಿ ಫೇಸ್‌ಬುಕ್ ಸುಮಾರು 200 ಕೋಟಿ ಡಾಲರಿಗೆ ಆ ಕಂಪನಿಯನ್ನು ಕೊಂಡಿತು. 2015ರ ಮೇ ತಿಂಗಳಲ್ಲಿ ಒಂದು ಪ್ರಕಟಣೆ ಬಂತು: ವಿಂಡೋಸ್ ಮೇಲೆ ಗಮನ ಕೊಡಬೇಕಿದೆ, ಲಿನಕ್ಸ್ ಮತ್ತು ಮ್ಯಾಕ್ ಕೆಲಸಕ್ಕೆ ತಾತ್ಕಾಲಿಕ ವಿರಾಮ. ಆ ‘ತಾತ್ಕಾಲಿಕ’ ಮುಗಿಯಲೇ ಇಲ್ಲ. (ತಮಾಷೆ ನೋಡಿ, ಅದೇ ಕಂಪನಿ 2019ರಲ್ಲಿ ಮಾರಿದ ‘ಕ್ವೆಸ್ಟ್’ ಹೆಡ್‌ಸೆಟ್ ನಡೆಯುವುದು ಆಂಡ್ರಾಯ್ಡ್ ಮೇಲೆ, ಅಂದರೆ ಅದರ ಹೊಟ್ಟೆಯೊಳಗಿರುವುದು ಲಿನಕ್ಸೇ! ಮಾಲೀಕನಿಗೆ ಮಾತ್ರ ಅದರ ಬೀಗದ ಕೈ ಸಿಗುವುದಿಲ್ಲ.)

ಹಣ ಕೊಟ್ಟು ಕೊಂಡವರು ಏನು ಮಾಡಬೇಕು? ಕೆಲವರು ಸುಮ್ಮನೆ ಕೂರಲಿಲ್ಲ. ಓಪನ್‌ಎಚ್‌ಎಂಡಿ ಎಂಬ ಯೋಜನೆಯವರು, ಹೆಡ್‌ಸೆಟ್ಟು ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಏನು ಪಿಸುಗುಡುತ್ತದೆ ಎಂದು ಕದ್ದು ಕೇಳಿ, ಅದರ ಭಾಷೆ ಕಲಿತು, ತಾವೇ ಡ್ರೈವರ್ ಬರೆದರು. ತಲೆ ಯಾವ ಕಡೆ ತಿರುಗಿತು ಎಂದು ತಿಳಿಯುವುದು ಸುಲಭ. ಒಂದು ಹೆಜ್ಜೆ ಮುಂದೆ ಬಂದಿರೋ ಬಗ್ಗಿದಿರೋ ಎಂದು ತಿಳಿಯುವುದು ಕಷ್ಟ. ರಿಫ್ಟ್‌ಗೆ ಅದನ್ನು ಸಾಧಿಸಲು ಆಸ್ಟ್ರೇಲಿಯಾದ ಯಾನ್ ಶ್ಮಿಟ್ ಎಂಬ ಪ್ರೋಗ್ರಾಮರ್ 2019ರಿಂದಾಚೆ ವರ್ಷಗಟ್ಟಲೆ ಕೂತು ಕೆಲಸ ಮಾಡಿದರು.

ಇನ್ನೊಂದು ತೊಡಕು ಪರದೆಯದು. ಕಂಪ್ಯೂಟರಿಗೆ ಹೆಡ್‌ಸೆಟ್ ಅಂದರೆ ಇನ್ನೊಂದು ಮಾನಿಟರ್ ಅಷ್ಟೇ. ಹಾಗಾಗಿ ಡೆಸ್ಕ್‌ಟಾಪ್ ಅಲ್ಲಿಗೂ ತನ್ನ ಐಕಾನು, ಕಿಟಕಿಗಳನ್ನು ಹರಡಿಬಿಡುತ್ತಿತ್ತು! ಅದಕ್ಕಿಂತ ಮುಖ್ಯವಾಗಿ, ಸೆಕೆಂಡಿಗೆ 90 ಚಿತ್ರ ಬರಬೇಕು, ಒಂದಕ್ಕೆ 11 ಮಿಲಿಸೆಕೆಂಡ್ ಮಾತ್ರ ಸಮಯ. ನಡುವೆ ಇನ್ಯಾರೋ ಕೈಹಾಕಿದರೆ ಚಿತ್ರ ತಡವಾಗಿ, ನೋಡುವವರಿಗೆ ತಲೆ ಸುತ್ತಿ ವಾಂತಿ ಬರುತ್ತದೆ. ವಾಲ್ವ್ ಕಂಪನಿಯ ಪರವಾಗಿ ಕೀತ್ ಪ್ಯಾಕರ್ಡ್ ಇದಕ್ಕೆ ಕೊಟ್ಟ ಉಪಾಯ ಮುಂಬಯಿಯವರಿಗೆ ತಕ್ಷಣ ಅರ್ಥವಾಗುತ್ತದೆ, ಏಕೆಂದರೆ ಅದು ನಮ್ಮ ‘ಲೀವ್ ಅಂಡ್ ಲೈಸೆನ್ಸ್’ ಇದ್ದ ಹಾಗೆ. ಮನೆ ಡೆಸ್ಕ್‌ಟಾಪಿನದೇ, ಆದರೆ ಹೆಡ್‌ಸೆಟ್ ಎಂಬ ಒಂದು ಕೋಣೆಯನ್ನು ಆಟದ ಪ್ರೋಗ್ರಾಮಿಗೆ ಬರೆದುಕೊಡುತ್ತದೆ. ಕರಾರು ಇರುವ ತನಕ ಮಾಲೀಕ ಒಳಗೆ ಬರುವಂತಿಲ್ಲ. ಅದರ ಹೆಸರೂ ‘ಲೀಸ್’ ಎಂದೇ. 2018ರ ಜನವರಿಯಲ್ಲಿ ಬಂದ ಲಿನಕ್ಸ್ ಕರ್ನಲ್ 4.15ರಲ್ಲಿ ಇದು ಸೇರಿತು.

2019ರಲ್ಲಿ ‘ಓಪನ್‌ಎಕ್ಸ್‌ಆರ್’ ಎಂಬ ಸಾಮಾನ್ಯ ಮಾನದಂಡ ಬಂತು. ಒಮ್ಮೆ ಬರೆದ ಪ್ರೋಗ್ರಾಮು ಎಲ್ಲ ಕಂಪನಿಗಳ ಹೆಡ್‌ಸೆಟ್ಟಿನಲ್ಲೂ ನಡೆಯಲಿ ಎಂಬುದು ಅದರ ಉದ್ದೇಶ. ಅದೇ ವರ್ಷ ಲಿನಕ್ಸ್‌ಗಾಗಿ ಅದನ್ನು ಜಾರಿಗೆ ತರುವ ‘ಮೊನಾಡೊ’ ಎಂಬ ಮುಕ್ತ ತಂತ್ರಾಂಶವೂ ಹೊರಬಂತು.

ಅದರ ಬೆಲೆ ಗೊತ್ತಾದದ್ದು ಮೈಕ್ರೋಸಾಫ್ಟ್ ಕೈಬಿಟ್ಟಾಗ. 2017ರಿಂದ ಏಸರ್, ಲೆನೊವೊ, ಸ್ಯಾಮ್‌ಸಂಗ್, ಎಚ್‌ಪಿ ಮುಂತಾದವರು ‘ವಿಂಡೋಸ್ ಮಿಕ್ಸೆಡ್ ರಿಯಾಲಿಟಿ’ ಹೆಸರಿನ ಹೆಡ್‌ಸೆಟ್ ಮಾರಿದ್ದರು. 2023ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸುವುದಾಗಿ ಹೇಳಿತು. 2024ರ ವಿಂಡೋಸ್ 11 ಅಪ್‌ಡೇಟ್ 24ಎಚ್2ರಲ್ಲಿ ಅದನ್ನು ತೆಗೆದೇಹಾಕಿತು. ಅಪ್‌ಡೇಟ್ ಒತ್ತಿದವರ ಮೇಜಿನ ಮೇಲೆ ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ವಸ್ತು ಇವತ್ತು ಬರೀ ಪ್ಲಾಸ್ಟಿಕ್. ನನ್ನ ಕೇಳಿದರೆ, ಇದು ಅನ್ಯಾಯವೇ. ಸ್ವಾರಸ್ಯವೆಂದರೆ, ವಿಂಡೋಸ್ ಹೆಸರನ್ನೇ ಹೊತ್ತ ಇವುಗಳಲ್ಲಿ ಹಲವು ಆ ಹೊತ್ತಿಗಾಗಲೇ ಮೊನಾಡೊ ಮೂಲಕ ಲಿನಕ್ಸ್‌ನಲ್ಲಿ ನಡೆಯುತ್ತಿದ್ದವು!

ಹಾಗೆಂದು ಎಲ್ಲ ಸಲೀಸು ಅಂದುಕೊಳ್ಳಬೇಡಿ. ಕೈಯಲ್ಲಿ ಹಿಡಿಯುವ ಕಂಟ್ರೋಲರುಗಳ ಚಲನೆ ಗುರುತಿಸುವ ಕೆಲಸ ಲಿನಕ್ಸ್‌ನಲ್ಲಿ ಬಹುಕಾಲ ಕುಂಟುತ್ತಲೇ ಇತ್ತು. ಆದ್ದರಿಂದ ಲ್ಯಾಮಿಂಗ್ಟನ್ ರೋಡಿನಲ್ಲೋ ಪರಿಚಯದವರ ಮನೆಯಲ್ಲೋ ಹಳೆಯ ಹೆಡ್‌ಸೆಟ್ ಅಗ್ಗಕ್ಕೆ ಸಿಕ್ಕರೆ, ಮೊದಲು ಮಾಡೆಲ್ ಹೆಸರು ಬರೆದುಕೊಂಡು ಮೊನಾಡೊ ಪಟ್ಟಿಯಲ್ಲಿ ಅದು ಇದೆಯೇ ನೋಡಿ, ಆಮೇಲೆ ಚೌಕಾಸಿ ಮಾಡಿ. ಮನೆಗೆ ತಂದ ಮೇಲೆ ಏನು ನೋಡುವುದು ಎಂದಿರಾ? ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್ ಎಂಬ ಮುಕ್ತ ತಂತ್ರಾಂಶದಲ್ಲಿ 2020ರ 2.83 ಆವೃತ್ತಿಯಿಂದ ನೀವೇ ಕಟ್ಟಿದ ದೃಶ್ಯದೊಳಗೆ ಹೆಡ್‌ಸೆಟ್ ಹಾಕಿಕೊಂಡು ನಿಲ್ಲಬಹುದು. ಬ್ಲೆಂಡರ್ ಕಲಿಯಲು ಪೊವಾಯಿಯ ಐಐಟಿಯವರ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳು ಉಚಿತವಾಗಿವೆ. ಮಗಳೋ ಮೊಮ್ಮಗನೋ ರಜೆಯಲ್ಲಿ ಊರ ಮನೆಯ ಅಂಗಳವನ್ನೇ ಅದರಲ್ಲಿ ಕಟ್ಟಿದರೆ, ಮೊದಲು ಅಜ್ಜಿಗೆ ಹಾಕಿ ತೋರಿಸಲಿ, ಕುರ್ಚಿಯಲ್ಲಿ ಕೂರಿಸಿಯೇ!