ಬಿಲ್ಲು ಎಷ್ಟು ಪೌಂಡಿನದ್ದಿರಬೇಕು?

ಅಮೆರಿಕದಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೊರಡೋ ಹೊಸಬರು ಮೊದಲು ಕೇಳೋದು ಎರಡು ಪ್ರಶ್ನೆ. ಬಿಲ್ಲು ಎಷ್ಟು ಪೌಂಡಿನದ್ದಿರಬೇಕು, ಅಂದ್ರೆ ಹೆದೆ ಎಳೆಯಲು ಎಷ್ಟು ಬಲ ಬೇಕು? ಎಷ್ಟು ದೂರದಿಂದ ಹೊಡೀಬಹುದು? ಇವನ್ನು ಕೇಳಿದಾಗಲೆಲ್ಲ ನನಗೆ ಇಶಿ ನೆನಪಾಗ್ತಾನೆ.

1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನಂಚಿಗೆ ಹಸಿದು ಬಂದವನು ಇಶಿ. ಬಿಳಿಯ ವಲಸಿಗರು ಅವನ ಯಾಹಿ ಜನರನ್ನು ಬೇಟೆಯಾಡಿ ಮುಗಿಸಿದ್ದರು, ಉಳಿದವನು ಇವನೊಬ್ಬನೇ. 'ಇಶಿ' ಅವನ ಹೆಸರೂ ಅಲ್ಲ, ಅವನ ಭಾಷೆಯಲ್ಲಿ 'ಮನುಷ್ಯ' ಅಂತಷ್ಟೇ. ಸ್ಯಾನ್ ಫ್ರಾನ್ಸಿಸ್ಕೊದ ಮ್ಯೂಸಿಯಮ್ಮಿನಲ್ಲಿ ಅವನನ್ನಿರಿಸಿದರು. ಅಲ್ಲಿ ಸ್ಯಾಕ್ಸ್ಟನ್ ಪೋಪ್ ಎಂಬ ಡಾಕ್ಟರು ಅವನ ಶಿಷ್ಯನಾದ.

ಇಶಿಯ ಬಿಲ್ಲು 50 ಪೌಂಡನ್ನೂ ಮುಟ್ಟುತ್ತಿರಲಿಲ್ಲ. ಗುರಿಹಲಗೆಗೆ ಹೊಡೆಯೋದರಲ್ಲಿ ಶಿಷ್ಯನೇ ಅವನನ್ನು ಮೀರಿಸಿದ. ಆದರೆ ಕಾಡಿನ ಲೆಕ್ಕವೇ ಬೇರೆ. ಜಿಂಕೆಬೇಟೆಯ ಹಿಂದಿನ ದಿನ ಇಶಿ ಮೀನು ತಿನ್ನುತ್ತಿರಲಿಲ್ಲ, ತಂಬಾಕು ಸೇದುತ್ತಿರಲಿಲ್ಲ. ಬೆಳಗ್ಗೆ ತೊರೆಯಲ್ಲಿ ಮಿಂದು, ಮೈಗೆ ಘಮದ ಎಲೆ ಉಜ್ಜಿಕೊಂಡು, ಬರೀ ನೀರು ಕುಡಿದು ಹೊರಡ್ತಿದ್ದ. ಬೆರಳಿಗೆ ತುಟಿಯೊತ್ತಿ ಮೊಲದ ಕೂಗು ಕೂಗಿ ಪ್ರಾಣಿಗಳನ್ನು ಹತ್ತಿರಕ್ಕೆ ಕರೀತಿದ್ದ. ದೂರ ಎಷ್ಟು ಅನ್ನೋದಕ್ಕೆ ಅವನ ಉತ್ತರ ಇದೇ: ಆದಷ್ಟು ಹತ್ತಿರ.

1916ರಲ್ಲಿ ಕ್ಷಯ ಅವನನ್ನು ಕೊಂಡೊಯ್ದಿತು. ಅವನಿಂದ ಕಲಿತದ್ದನ್ನೂ ಸೇರಿಸಿ ಪೋಪ್ 1923ರಲ್ಲಿ ಪುಸ್ತಕ ಬರೆದ. ಅಮೆರಿಕದಲ್ಲಿ ಬಿಲ್ಲುಬೇಟೆ ಮತ್ತೆ ಚಿಗುರಿದ್ದಕ್ಕೆ ಅದೂ ಒಂದು ಕಾರಣ. 1961ರಲ್ಲಿ ಹುಟ್ಟಿದ ಬಿಲ್ಲುಬೇಟೆಗಾರರ ಕ್ಲಬ್ಬಿಗೆ ಪೋಪ್ ಮತ್ತು ಅವನ ಗೆಳೆಯ ಆರ್ಥರ್ ಯಂಗ್ ಇಬ್ಬರ ಹೆಸರನ್ನೂ ಇಟ್ಟರು. ಗುರುವಿನ ಹೆಸರು ಅದರಲ್ಲಿಲ್ಲ. ಇಡೋಣ ಅಂದ್ರೂ, ಅವನ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ.